ಗ್ರೇವಿ ಬಾಗಿಲು ಕಡಿದದ್ದು ಕೊಬ್ಬಿನಿಂದಲ್ಲ

ನಮ್ಮ ಜಾಪ್ಲಿನ್ ಊರಿನಲ್ಲಿ ಓಪಲ್ ಸ್ಟಕಿಯ ಹೆಸರು ತೆಗೆದು ನೋಡಿ. "ಓ, ಆ ಮನೆ ತಿಂದ ನಾಯಿಯವಳಾ" ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಹೆಂಗಸು ಅಮೆರಿಕದ ಉದ್ದಗಲಕ್ಕೆ ಮಾಂಸ, ಸೊಪ್ಪು, ಐಸ್‌ಕ್ರೀಮು ಸಾಗಿಸಿ ಊರೂರಿನ ಹೊಟ್ಟೆ ತುಂಬಿಸಿದ್ದು ಒಬ್ಬರಿಗೂ ನೆನಪಿಲ್ಲ. ಅವಳ ನಾಯಿ ಒಂದು ಬಾಗಿಲು ಕಡಿದದ್ದು ಮಾತ್ರ ಎಲ್ಲರ ಬಾಯಲ್ಲಿದೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಹೆದ್ದಾರಿ ಪಕ್ಕದಲ್ಲಿ ಟೈರು ಅಂಗಡಿ ಇಟ್ಟುಕೊಂಡವನು ನಾನು, ಹೆಸರು ಡೆನ್ವರ್, ಬರೆಯುವುದು ನನ್ನ ಕೆಲಸವಲ್ಲ. ಆದರೂ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲವಾದ್ದರಿಂದ ನಾನೇ ಕೂತೆ.

ಓಪಲ್ ಕುಳ್ಳಿ, ಅಗಲ ಭುಜದವಳು. ತಲೆ ಮೇಲೆ ಸದಾ ಒಂದು ಗಂಡಸರ ಟೋಪಿ. ಶೀತಲ ಪೆಟ್ಟಿಗೆಯ ದೊಡ್ಡ ಲಾರಿ ಅವಳದು. ಅವಳದು ಅಂದರೆ ಕಂಪನಿಯದು, ಓಡಿಸುವವಳು ಅವಳು. ಇಲ್ಲಿಂದ ಮಾಂಸ ತುಂಬಿಕೊಂಡು ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿಂದ ಸೊಪ್ಪು ತುಂಬಿಕೊಂಡು ಇಲ್ಲಿಗೆ. ಟೈರು ಬದಲಿಸಲು ನನ್ನ ಅಂಗಡಿಗೆ ಬಂದರೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ನನ್ನ ತಲೆಯ ಹಿಂದೆಯೇ ನಿಂತಿರುತ್ತಿದ್ದಳು.

"ಆ ನಟ್ ಇನ್ನೊಂದು ಸುತ್ತು ತಿರುಗುತ್ತೆ ನೋಡು, ಡೆನ್ವರ್."

"ನಿಂಗೆ ಯಾರು ಹೇಳಿದ್ರು?"

"ನಿನ್ನ ಮುಖ ಹೇಳ್ತು. ಸುಸ್ತಾದಾಗ ನೀನು ಕೊನೇ ಸುತ್ತು ಬಿಟ್ಟುಬಿಡ್ತೀಯ."

ಎರಡು ಸಲ ಮದುವೆಯಾಗಿದ್ದಳು. ಅದರ ಬಗ್ಗೆ ಯಾರಾದರೂ ಕೆದಕಿದರೆ, "ಇಬ್ರು ಗಂಡಂದಿರೂ ಮನೇಲಿರು ಮನೇಲಿರು ಅಂದ್ರು. ಅಷ್ಟು ಇಷ್ಟ ಇದ್ರೆ ನೀವೇ ಇರ್ರಪ್ಪ ಅಂತ ಇಬ್ಬರನ್ನೂ ಮನೇಲೇ ಬಿಟ್ಟು ಬಂದೆ" ಎನ್ನುತ್ತಿದ್ದಳು. ಮಕ್ಕಳಿಲ್ಲ. ಕ್ಯಾಬಿನ್ನಿನ ಹಿಂಭಾಗದ ಹಾಸಿಗೆಯೇ ಅವಳ ಮನೆ.

ಆ ಮನೆಗೆ ಗ್ರೇವಿ ಬಂದದ್ದು ಅಮರಿಲ್ಲೊ ಎಂಬ ಊರಿನಲ್ಲಿ. ಲಾರಿಯವರಿಗೆ ಊಟ, ಸ್ನಾನ ಎಲ್ಲ ಸಿಗುವ ಡೀಸೆಲ್ ಬಂಕಿನ ಅಂಗಳದಲ್ಲಿ ಓಪಲ್ ಮೆಟ್ಟಿಲ ಮೇಲೆ ಕೂತು ತಿಂಡಿ ತಿನ್ನುತ್ತಿದ್ದಾಗ ಲಾರಿಯ ಕೆಳಗಿನಿಂದ ಕಂದು ಬಣ್ಣದ ಒಂದು ಮರಿ ತೆವಳಿ ಬಂದು ಅವಳ ತಟ್ಟೆಯ ಬಿಳಿ ಗ್ರೇವಿಯನ್ನೆಲ್ಲ ನೆಕ್ಕಿತು. ಬೈಯುವ ಮೊದಲೇ ಅವಳ ಮಡಿಲಲ್ಲಿ ಮಲಗಿಬಿಟ್ಟಿತು. ಹೆಸರು ಅಲ್ಲೇ ಬಿತ್ತು. ಅಲ್ಲಿಂದ ಆರು ವರ್ಷ ಆ ನಾಯಿ ಒಂದು ರಾತ್ರಿಯೂ ಸೂರಿನ ಕೆಳಗೆ ಮಲಗಲಿಲ್ಲ. ಅದರ ಸೂರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು.

ಈಗ ಒಂದು ಮಾತನ್ನು ಗಮನವಿಟ್ಟು ಕೇಳಿ, ಊರವರು ಕೇಳುವುದಿಲ್ಲ. ಆ ಆರು ವರ್ಷದಲ್ಲಿ ಗ್ರೇವಿ ಒಂದು ವಸ್ತುವನ್ನೂ ಕಡಿದಿರಲಿಲ್ಲ. ಓಪಲ್ ಬಂಕಿನಲ್ಲಿ ಸ್ನಾನಕ್ಕೆ, ಊಟಕ್ಕೆ, ಬಟ್ಟೆ ಒಗೆಯಲು ಇಳಿದು ಹೋದರೆ ನಾಯಿ ಒಳಗೆ ಒಂದೇ ಇರುತ್ತಿತ್ತು. ಇಂಜಿನ್ ಚಾಲೂ ಇರುತ್ತಿತ್ತು, ಚಳಿಗಾಲದಲ್ಲಿ ಬಿಸಿಗಾಳಿಗೆ, ಬೇಸಿಗೆಯಲ್ಲಿ ತಂಪಿಗೆ. ಲಾರಿಯವರೆಲ್ಲ ಹಾಗೇ ಮಾಡುವುದು. ಸೀಟಿನ ಚರ್ಮ, ಹಾಸಿಗೆ, ಅವಳ ಚಪ್ಪಲಿ, ಯಾವುದಕ್ಕೂ ಒಂದು ಹಲ್ಲಿನ ಗುರುತಿರಲಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ.

ಆಮೇಲೆ ಓಪಲ್‌ಳ ಎದೆ ಕೈಕೊಟ್ಟಿತು. ನಮ್ಮೂರ ಬಂಕಿನ ಸಾಲಿನಲ್ಲಿ ನಿಂತಿದ್ದವಳು ಕುಸಿದು ಬಿದ್ದಳು. ಆಸ್ಪತ್ರೆಯವರು ಎದೆಯೊಳಗೆ ಒಂದು ಪುಟ್ಟ ಯಂತ್ರ ಕೂರಿಸಿದರು, ಹೃದಯ ತಾಳ ತಪ್ಪಿದರೆ ಅದು ಒದೆಯುತ್ತದಂತೆ. ಅವಳು ಬರುವವರೆಗೆ ನಾಯಿಯ ಜೊತೆ ಕ್ಯಾಬಿನ್ನಲ್ಲಿ ಮಲಗಿದವನು ನಾನು. ಆ ಯಂತ್ರ ಇಟ್ಟುಕೊಂಡವರು ದೊಡ್ಡ ಲಾರಿ ಓಡಿಸುವ ಹಾಗಿಲ್ಲ. ಅದು ಕಾನೂನು, ನಾನು ಜಗಳ ಆಡುವುದಿಲ್ಲ. ಆದರೆ ಅವಳು ಆಸ್ಪತ್ರೆಯಿಂದ ಬಂದ ದಿನವೇ ಕಂಪನಿಯ ಒಬ್ಬ ಎಳೆ ಮುಖದವನು ಬಂದು, "ಚಾವಿ ಕೊಡಿ ಮೇಡಂ, ನಿಮ್ಮ ಸಾಮಾನು ಇಳಿಸ್ಕೊಳ್ಳಿ" ಎಂದನಲ್ಲ, ಅದಕ್ಕೆ ಯಾವ ಕಾನೂನು? ಮೂವತ್ತು ವರ್ಷದ ಬಾಳು ನಾಲ್ಕು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಅಂಗಡಿ ಮುಂದೆ ಇಳಿಯಿತು. ನಾಯಿ ಚೀಲಗಳ ನಡುವೆ ನಿಂತು, ಲಾರಿ ಹೋದ ದಿಕ್ಕಿಗೇ ನೋಡುತ್ತಿತ್ತು.

ಬಂಕಿನವರು ಒಳ್ಳೆಯವರು. ಅವಳ ಮುಖ ನೋಡಿ ಅರ್ಧ ದಿನದ ಕೆಲಸ ಕೊಟ್ಟರು, ಗಲ್ಲಾದ ಹಿಂದೆ ನಿಲ್ಲುವುದು. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಬಾಡಿಗೆಗೆ ಒಂದು ಮನೆ ಸಿಕ್ಕಿತು. ಒಂದೇ ಮಾಡಿನ ಕೆಳಗೆ ಎರಡು ಮನೆ, ನಡುವೆ ಒಂದು ತೆಳು ಗೋಡೆ. ಆಚೆ ಮನೆಯಲ್ಲಿ ರೆನ್‌ಫ್ರೊ ಎಂಬ ಮುದುಕಿ ಒಬ್ಬಳೇ ಇದ್ದಳು. ಎರಡೂ ಮನೆಗಳ ಮೇಲ್ವಿಚಾರಣೆ ಕಿಂಬಲ್ ಎಂಬವನದು. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಚಾವಿಗಳ ಗೊಂಚಲು.

ಮೊದಲ ದಿನ ಕೆಲಸ ಮುಗಿಸಿ ಓಪಲ್ ಮನೆಗೆ ಬಂದು ನನಗೆ ಫೋನು ಮಾಡಿದಳು. "ಬಾ" ಎಂದಳು, ಬೇರೆ ಏನೂ ಹೇಳಲಿಲ್ಲ. ಹೋದೆ. ಮುಂಬಾಗಿಲ ಚೌಕಟ್ಟು ಮೊಳೆ ಕಾಣುವವರೆಗೆ ಸೀಳಿ ಹೋಗಿತ್ತು. ಕಿಟಕಿಯ ಹಲಗೆ ಅಗಿದು ಪುಡಿಯಾಗಿತ್ತು. ಪರದೆ ಹರಿದಿತ್ತು. ನೆಲದ ಮೇಲೆ ನೀರು ಚೆಲ್ಲಿದೆಯೆಂದು ಕಾಲಿಟ್ಟರೆ ಅದು ನೀರಲ್ಲ, ಜೊಲ್ಲು. ಬಟ್ಟಲಲ್ಲಿ ಇಟ್ಟು ಹೋಗಿದ್ದ ಮಾಂಸ ಹಾಗೇ ಇತ್ತು. ಗ್ರೇವಿಯ ವಸಡಿನಿಂದ ರಕ್ತ ಬರುತ್ತಿತ್ತು, ಕಾಲು ನಡುಗುತ್ತಿತ್ತು, ಓಪಲ್‌ಳ ಪಾದದ ಮೇಲೆ ಮುಖ ಇಟ್ಟು ಬಿದ್ದಿತ್ತು.

ಮಾರನೆಯ ದಿನ ಕಿಂಬಲ್ ಬಂದು ಚೌಕಟ್ಟಿನ ಮೇಲೆ ಬೆರಳಾಡಿಸಿದ. "ಮಿಸ್ ಓಪಲ್, ಈ ನಾಯಿಗೆ ಕೊಬ್ಬು ಹೆಚ್ಚಾಗಿದೆ. ನೀವು ಬಿಟ್ಟು ಹೋದ್ರಲ್ಲ, ಅದರ ಸೇಡು ತೀರಿಸ್ಕೊಳ್ತಾ ಇದೆ."

ಸೇಡಂತೆ. ತನ್ನ ವಸಡು ತಾನೇ ಹರಿದುಕೊಂಡು, ಎದುರಿಗಿದ್ದ ಮಾಂಸ ಮುಟ್ಟದೆ ಸೇಡು ತೀರಿಸಿಕೊಳ್ಳುವ ನಾಯಿಯನ್ನು ನಾನಂತೂ ಕಂಡಿಲ್ಲ. ಅಂಥ ಬುದ್ಧಿ ಇರುವುದು ಮನುಷ್ಯರಿಗೆ.

ಅಲ್ಲಿಂದ ಶುರುವಾಯಿತು ಉಪದೇಶದ ಸುರಿಮಳೆ. ಗಲ್ಲಾದ ಮುಂದೆ ಕಾಫಿಗೆ ನಿಂತವರೆಲ್ಲ ನಾಯಿ ಪಂಡಿತರಾದರು. ಒಬ್ಬ ಬಾಗಿಲಿಗೆ ಮೆಣಸಿನ ಖಾರ ಬಳಿ ಎಂದ. ಬಳಿದಳು, ನಾಯಿ ಖಾರದ ಸಮೇತ ಅಗಿಯಿತು. ಇನ್ನೊಬ್ಬ ಟಿವಿ ಹಾಕಿ ಹೋಗು ಎಂದ. ಮತ್ತೊಬ್ಬ, ಸುತ್ತಿದ ಪತ್ರಿಕೆಯಿಂದ ಮೂತಿಗೆ ಎರಡು ಕೊಡು ಎಂದ. ಅವನಿಗೆ ಓಪಲ್, "ನಿನ್ನ ಹೆಂಡ್ತಿ ನಿಂಗೆ ಹಾಗೇ ಕಲ್ಸಿದ್ದಾ?" ಎಂದು ಕೇಳಿದ್ದರಿಂದ ಆ ಸಲಹೆ ಅಲ್ಲಿಗೇ ನಿಂತಿತು. ಕೊನೆಗೆ ಎಲ್ಲರೂ ಒಟ್ಟಾಗಿ ಹೇಳಿದ್ದು ಬೋನು. ಈ ದೇಶದಲ್ಲಿ ನಾಯಿಯ ಯಾವ ಕಾಯಿಲೆಗೂ ತಂತಿಯ ಬೋನೇ ಮದ್ದು. ಓಪಲ್ ಮನಸ್ಸಿಲ್ಲದೆ ತಂದಳು. ಸಂಜೆ ಬಂದು ನೋಡಿದರೆ ತಂತಿ ಸೊಟ್ಟಗಾಗಿತ್ತು, ಒಂದು ಕೋರೆಹಲ್ಲು ಮುರಿದು ಬೋನಿನ ತಟ್ಟೆಯಲ್ಲಿ ಬಿದ್ದಿತ್ತು. ಬೋನನ್ನು ಅವಳು ಬೀದಿಗೆ ಎಳೆದು ಹಾಕಿದಳು. ನಾನು ಅದರ ಮೇಲೆ ನನ್ನ ಗಾಡಿ ಹತ್ತಿಸಿದೆ.

ನಾಯಿ ಡಾಕ್ಟರು ಒಬ್ಬಳು ಹೆಂಗಸು, ನಿಧಾನದ ಮಾತು. ಹಲ್ಲು ನೋಡಿದಳು, ಓಪಲ್ ಹೇಳಿದ್ದನ್ನೆಲ್ಲ ಕೇಳಿದಳು.

"ಇದು ತುಂಟತನ ಅಲ್ಲ, ದಿಗಿಲು. ಒಬ್ಬನೇ ಉಳಿದೆ ಅನ್ನೋ ದಿಗಿಲು. ಬಾಗಿಲ ಹತ್ರಾನೇ ಯಾಕೆ ಕಡೀತಾನೆ ಹೇಳಿ? ನೀವು ಹೋದ ದಾರಿ ಅದು."

"ಮತ್ತೆ ಏನ್ ಮಾಡ್ಲಿ?"

"ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಒಂದೇ ಸಾಲದು. ಬಾಗಿಲಾಚೆ ಹೋಗಿ, ಅವನಿಗೆ ದಿಗಿಲು ಹತ್ತೋ ಮೊದಲೇ ಒಳಗೆ ಬನ್ನಿ. ನಾಳೆ ಚೂರು ಜಾಸ್ತಿ ಹೊತ್ತು. ಹಾಗೇ ಬೆಳೆಸ್ಕೊಂಡು ಹೋಗಿ. ಕಲಿಯೋವರೆಗೂ ಮಾತ್ರ ಒಂಟಿಯಾಗಿ ಬಿಡಬಾರ್ದು. ಒಂದು ದಿನ ಬಿಟ್ರೂ ಮೊದಲಿಂದ ಶುರು."

"ಕಲಿಯೋಕೆ ಎಷ್ಟು ದಿನ ಬೇಕು?"

"ತಿಂಗಳುಗಟ್ಟಲೆ ಆಗ್ಬಹುದು."

ಓಪಲ್ ನಕ್ಕುಬಿಟ್ಟಳು. ಸಿಟ್ಟಿನ ನಗು. "ಅಮ್ಮಾ, ಅಷ್ಟು ದಿನ ನಾನು ಕೆಲಸಕ್ಕೆ ಹೋಗದೆ ಕೂತ್ರೆ ಕಡಿಯೋಕೆ ಬಾಗಿಲೇ ಇರಲ್ಲ."

ಡಾಕ್ಟರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿ. ಸರಿಯಾದ ಮದ್ದು ಇದೆ, ಅದು ಕೂತು ತಿನ್ನುವವರಿಗೆ ಮಾತ್ರ. ಬಂಕಿನಲ್ಲಿ ತಿಂಡಿ ಮಾರುವುದರಿಂದ ಗಲ್ಲಾದ ಹಿಂದೆ ನಾಯಿ ಇರುವಂತಿಲ್ಲ. ನನ್ನ ಅಂಗಡಿಯಲ್ಲಿ ಇಟ್ಟುಕೊಂಡು ನೋಡಿದೆ. ನಟ್ ಬಿಚ್ಚುವ ಗಾಳಿಯಂತ್ರ ಒಮ್ಮೆ ಗರ್ ಎಂದದ್ದೇ ತಡ, ಗ್ರೇವಿ ಹಗ್ಗ ಕಿತ್ತುಕೊಂಡು ಹೆದ್ದಾರಿಗೆ ನುಗ್ಗಿತು. ಒಂದು ಲಾರಿಯವನು ಬ್ರೇಕ್ ಒತ್ತಿದ್ದರಿಂದ ಉಳಿಯಿತು.

ಇಷ್ಟರಲ್ಲಿ ಕಿಂಬಲ್ ಮಾತು ಖಚಿತ ಮಾಡಿದ್ದ. ಇನ್ನೊಂದು ಸಲ ಏನಾದರೂ ಒಡೆದರೆ, ಕಡಿದರೆ, ತಿಂಗಳ ಕೊನೆಗೆ ನಾಯಿ ಇರಬಾರದು ಇಲ್ಲವೇ ಓಪಲ್ ಇರಬಾರದು.

ಆ ಭಾನುವಾರ ನನ್ನ ಅಂಗಡಿಯ ಕಟ್ಟೆ ಮೇಲೆ ಕೂತು ಓಪಲ್ ಕಾಫಿ ಕುಡಿಯುತ್ತಿದ್ದಳು. ಗ್ರೇವಿ ಅವಳ ಕಾಲ ಬುಡದಲ್ಲಿತ್ತು.

"ಕ್ಯಾಬಿನ್ನಲ್ಲಿ ನಾನು ಒಂದು ಗಂಟೆ ಹೋದ್ರೂ ತುಟಿಪಿಟಕ್ ಅಂತಿರ್ಲಿಲ್ಲ ಇವ್ನು. ಮನೇಲಿ ಕಸ ಹಾಕಿ ಬರೋದ್ರೊಳಗೆ ಚೌಕಟ್ಟು ಅಗೀತಾನೆ. ಏನು ವ್ಯತ್ಯಾಸ ಹೇಳು?"

"ಮನೆ ಅಲ್ಲಾಡಲ್ಲ."

"ಅಲ್ಲಾಡಲ್ಲ, ಸದ್ದೂ ಮಾಡಲ್ಲ." ಲೋಟ ಕೆಳಗಿಟ್ಟಳು. "ಇಂಜಿನ್ ಇಲ್ಲ, ಡೆನ್ವರ್. ಇಂಜಿನ್ ಓಡ್ತಿದ್ರೆ ನಾನು ವಾಪಸ್ ಬರ್ತೀನಿ ಅಂತ ಅವನ ಲೆಕ್ಕ."

ಲಾರಿಯವರಿಗೆ ಮಾತ್ರ ಹೊಳೆಯುವ ಯೋಚನೆ ಅದು. ಬೇರೆ ಯಾರಾದರೂ ಆಗಿದ್ದರೆ ನಾಯಿಗೆ ಆಟಿಕೆ ಕೊಳ್ಳುತ್ತಿದ್ದರು. ಓಪಲ್ ನನ್ನ ಅಂಗಡಿ ಹಿಂದೆ ನಿಲ್ಲಿಸಿದ್ದ ತನ್ನ ಹಳೆಯ ಡೀಸೆಲ್ ಪಿಕಪ್ ಗಾಡಿಯನ್ನು ಹಿಮ್ಮುಖವಾಗಿ ತಂದು ಮಲಗುವ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಚಾಲೂ ಮಾಡಿ ಕೆಲಸಕ್ಕೆ ಹೋದಳು. ಗೋಡೆ ಗುಂಯ್‌ಗುಡುತ್ತಿತ್ತು. ಸಂಜೆ ಬಂದರೆ ಒಂದು ಚೂರು ಮರ ಕೆಳಗೆ ಬಿದ್ದಿರಲಿಲ್ಲ. ಬಟ್ಟಲು ಖಾಲಿ. ಗ್ರೇವಿ ಆ ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು.

ಮರುದಿನವೂ ಹಾಗೇ. ಅದರ ಮರುದಿನವೂ. ಓಪಲ್ ಮತ್ತೆ ಜೋರಾಗಿ ಮಾತಾಡತೊಡಗಿದಳು, ಗಲ್ಲಾದ ಹಿಂದಿನಿಂದ ಲಾರಿಯವರ ಕಾಲೆಳೆಯತೊಡಗಿದಳು. ಡಾಕ್ಟರ ಮಾತ್ರೆಯನ್ನೂ ತಪ್ಪದೆ ಕೊಡುತ್ತಿದ್ದಳು. ಯಾವುದು ಕೆಲಸ ಮಾಡಿತೋ ದೇವರಿಗೆ ಗೊತ್ತು. ಇಂಜಿನ್ನೇ ಎಂದು ನಾನು ಈಗಲೂ ಹೇಳುತ್ತೇನೆ.

ಆದರೆ ಆ ಪಿಕಪ್ಪಿನ ಹೊಗೆಕೊಳವೆ ಆಚೆ ಮನೆಯ ಕಿಟಕಿಯ ಕಡೆಗೆ ಇತ್ತು. ರೆನ್‌ಫ್ರೊ ಮುದುಕಿ ಕಿಟಕಿ ಮುಚ್ಚಿ ಕೂತಳು, ತಲೆನೋವು ಹೋಗಲಿಲ್ಲ. ಒಂದು ದಿನ ತಲೆ ಸುತ್ತಿ ಕಿಂಬಲ್‌ನಿಗೆ ಫೋನು ಮಾಡಿದಳು. ಅವನು ಬಂದ. ಯಾರೂ ಇಲ್ಲದ ಗಾಡಿ ಹೊಗೆ ಉಗುಳುತ್ತಾ ನಿಂತಿದೆ. ಗಾಡಿಯ ಕಿಟಕಿಯೊಳಗೆ ಕೈ ಹಾಕಿ ಚಾವಿ ತಿರುಗಿಸಿದ.

ಗೋಡೆಯ ಸದ್ದು ನಿಂತಿತು.

ಒಳಗೆ ಏನಾಯಿತೆಂದು ನೋಡಿದವರಿಲ್ಲ. ಹೊರಗೆ ಕಂಡದ್ದನ್ನು ಮುದುಕಿ ಹೇಳಿದಳು. ಮೊದಲು ಒಂದು ಕೂಗು, ಅಂಥ ಕೂಗು ಯಾವ ನಾಯಿಯ ಬಾಯಲ್ಲೂ ಕೇಳಿರಲಿಲ್ಲವಂತೆ. ಆಮೇಲೆ ಮುಂದಿನ ಕಿಟಕಿಯ ಗಾಜು ಒಡೆದು ಗ್ರೇವಿ ಹೊರಗೆ ಬಂದು ಬಿದ್ದಿತು. ಎದೆ ಸೀಳಿತ್ತು. ಕಿಂಬಲ್ ಹೆದರಿ ತನ್ನ ಕಾರಿನೊಳಗೆ ಕೂತ. ಆ ಮುದುಕಿ ತನ್ನ ಮೈಮೇಲಿನ ನಿಲುವಂಗಿ ತೆಗೆದು ನಾಯಿಗೆ ಸುತ್ತಿ, ಹುಲ್ಲಿನ ಮೇಲೆ ಕೂತು ಅದನ್ನು ತಬ್ಬಿ ಹಿಡಿದುಕೊಂಡಳು.

ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ಓಪಲ್ ಬಂಕಿನಿಂದ ಓಡಿಕೊಂಡೇ ಬಂದಿದ್ದಳು, ಎದೆಯೊಳಗೆ ಯಂತ್ರ ಇಟ್ಟುಕೊಂಡು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಕಿಂಬಲ್‌ನ ಕಾರಿನ ಬಾಗಿಲು ತೆಗೆದೆ.

"ಇಳಿಯೋ ಕೆಳಗೆ. ಯಾರನ್ನ ಕೇಳಿ ಚಾವಿ ಮುಟ್ಟಿದೆ?"

"ಡ್ರೈವರಿಲ್ಲದ ಗಾಡಿ ಓಡ್ತಾ ನಿಂತಿದೆ, ಪಕ್ಕದ ಮನೆಯವ್ರಿಗೆ ತಲೆ ಸುತ್ತು. ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಮೊದಲು ಕೇಳ್ತಿದ್ದೆ."

"ಯಾರನ್ನ? ನಾಯೀನಾ?"

ಅವನ ಇಸ್ತ್ರಿ ಅಂಗಿಯ ಕಾಲರಿಗೆ ಕೈ ಹಾಕಿದ್ದೆ. ಹಿಂದಿನಿಂದ ಓಪಲ್ ಹೇಳಿದಳು, "ಕೈ ತೆಗಿ, ಡೆನ್ವರ್. ಅವನು ಮಾಡಿದ್ದು ಸರಿ ಇದೆ."

"ಸರೀನಾ?"

"ಹೊಗೆ ಮುದುಕಿ ಮನೆಗೆ ಹೋಗ್ತಿತ್ತು. ನಾನು ಅದನ್ನ ನೋಡ್ಲಿಲ್ಲ. ನಾಯಿ ಗೋಡೆ ಕಡೆ ಮಾತ್ರ ನೋಡಿದೆ." ಆಮೇಲೆ ಹುಲ್ಲಿನ ಮೇಲೆ ಕೂತಿದ್ದ ರೆನ್‌ಫ್ರೊ ಹತ್ತಿರ ಹೋಗಿ, "ನನ್ನಿಂದ ತಪ್ಪಾಯ್ತು, ಮೇಡಂ" ಎಂದಳು.

ಒಳ ಅಂಗಿಯಲ್ಲಿ ನಡುಗುತ್ತಾ ಕೂತಿದ್ದ ಮುದುಕಿ ತಲೆ ಎತ್ತಲಿಲ್ಲ. "ಮೊದ್ಲು ಇವ್ನಿಗೆ ಹೊಲಿಗೆ ಹಾಕ್ಸು ಹೋಗು. ನನ್ನ ತಲೆನೋವು ಎಲ್ಲಿಗೂ ಓಡಿಹೋಗಲ್ಲ."

ಎದೆಗೆ ಹೊಲಿಗೆ ಬಿತ್ತು. ನಾಯಿ ಉಳಿಯಿತು. ಕಿಂಬಲ್‌ನ ಮಾತು ಮಾತ್ರ ಬದಲಾಗಲಿಲ್ಲ: ತಿಂಗಳ ಕೊನೆ. ಮುದುಕಿ ತಾನೇ ಫೋನು ಮಾಡಿ ಇನ್ನೊಂದು ಅವಕಾಶ ಕೊಡಪ್ಪ ಎಂದಳಂತೆ. ಮನೆಯ ಯಜಮಾನರು ಬೇರೆ ಊರಿನಲ್ಲಿದ್ದಾರೆ, ಅವರು ಒಪ್ಪುವುದಿಲ್ಲ ಎಂದನಂತೆ. ಈ ಬೇರೆ ಊರಿನ ಯಜಮಾನರನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲಾ ಕೆಟ್ಟ ಸುದ್ದಿಯೂ ಅವರ ಹೆಸರಿನಲ್ಲೇ ಬರುತ್ತದೆ.

ನಾನು ಓಪಲ್‌ಳಿಗೆ ಹೇಳಿದೆ, ಆ ಮನೆಗೆ ಬೆಂಕಿ ಬೀಳಲಿ, ನಮ್ಮ ಮನೆಗೆ ಬಂದಿರು, ನನ್ನ ಹೆಂಡತಿಯೂ ಹೇಳಿದ್ದಾಳೆ ಎಂದು.

"ನಿನ್ನ ಹೆಂಡ್ತಿ ಕೆಲಸಕ್ಕೆ ಹೋಗಲ್ವಾ?"

"ಹೋಗ್ತಾಳೆ."

"ನೀನು?"

"ಅಂಗಡಿ ಇದೆಯಲ್ಲ."

"ಮನೆ ಯಾವುದಾದ್ರೇನು. ನಾನು ಹೊರಟ ಮೇಲೆ ಅವನು ಒಬ್ನೇ. ಇನ್ನೊಂದು ಕಿಟಕಿ, ಇನ್ನೊಂದು ಹಲ್ಲು."

ಆ ವಾರ ಪ್ರೊವೆನ್ಸ್ ದಂಪತಿ ಡೀಸೆಲ್ಲಿಗೆ ಬಂದರು. ಹಾಲಿಸ್, ಅವನ ಹೆಂಡತಿ ಜೂನೆಟ್. ಗಂಡ ಹೆಂಡತಿ ಇಬ್ಬರೂ ಒಂದೇ ಲಾರಿ ಓಡಿಸುತ್ತಾರೆ. ಒಬ್ಬರು ಓಡಿಸಿದರೆ ಇನ್ನೊಬ್ಬರು ಹಿಂದೆ ಮಲಗುತ್ತಾರೆ. ಊಟಕ್ಕೂ ಸರದಿಯಲ್ಲೇ ಇಳಿಯುತ್ತಾರೆ. ಆ ಕ್ಯಾಬಿನ್ ಖಾಲಿಯಾಗುವುದೇ ಇಲ್ಲ. ಗ್ರೇವಿ ಮರಿಯಾಗಿದ್ದಾಗಿನಿಂದ ಬಂಕುಗಳಲ್ಲಿ ಅವರ ಕೈಯಿಂದ ಮಾಂಸದ ಚೂರು ತಿಂದು ಬೆಳೆದದ್ದು. ಜೂನೆಟ್ ಹೊಲಿಗೆ ನೋಡಿದಳು, ಕತೆ ಕೇಳಿದಳು, ನಾವು ಕರೆದುಕೊಂಡು ಹೋಗಲಾ ಎಂದು ನೇರವಾಗಿ ಕೇಳಿದಳು.

"ಇಲ್ಲ" ಎಂದಳು ಓಪಲ್, ನೇರವಾಗಿಯೇ.

ಒಂದು ಕಾಫಿ ಆದ ಮೇಲೆ ಅವಳೇ ಹೇಳಿದಳು, "ಒಂದು ಸಲ ಇವನನ್ನ ಕ್ಯಾಲಿಫೋರ್ನಿಯಾಕ್ಕೆ ಕರ್ಕೊಂಡು ಹೋಗಿ ಬನ್ನಿ. ಅವನು ಅತ್ರೆ ನಾನು ಬಂದು ಕರ್ಕೊಂಡು ಬರ್ತೀನಿ, ನೀವು ಎಲ್ಲೇ ಇದ್ರೂ. ಮಾತ್ರೆ ಬೆಳಿಗ್ಗೆ ಒಂದು."

ಅವರು ಹೋದ ದಿನಗಳಲ್ಲಿ ಓಪಲ್ ನನ್ನ ಅಂಗಡಿ ಕಡೆ ಬರಲಿಲ್ಲ. ನಾನೇ ಗಲ್ಲಾದ ಹತ್ತಿರ ಹೋದಾಗ ಜೂನೆಟ್‌ಳ ಫೋನು ಬಂತು. ಓಪಲ್ ಫೋನನ್ನು ಗಲ್ಲಾದ ಮೇಲೆ ಇಟ್ಟು ಸ್ಪೀಕರ್ ಹಾಕಿದಳು.

"ತಿಂದ ಕಣೇ. ಚೆನ್ನಾಗಿ ನಿದ್ದೆ ಮಾಡ್ದ. ಹಾಲಿಸ್‌ನ ಹೊಸ ಟೋಪಿ ಮೇಲೇ ಮಲಗಿದಾನೆ."

"ಕಡಿದ್ನಾ?"

"ಇಲ್ಲ. ಹಾಲಿಸ್‌ಗೆ ಅದೇ ಬೇಜಾರು, ಕಡಿದಿದ್ರೆ ಇನ್ನೊಂದು ಟೋಪಿ ತಗೋಬಹುದಿತ್ತು."

ಓಪಲ್ ನಗಲಿಲ್ಲ. ಒಬ್ಬ ಗಿರಾಕಿ ಕಾಯುತ್ತಿದ್ದ, ಅವನಿಗೆ ಚಿಲ್ಲರೆ ಎಣಿಸಿ ಕೊಟ್ಟಳು, ಎರಡು ಸಲ ತಪ್ಪಾಗಿ.

ಅವರು ವಾಪಸು ಬಂದ ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಬಂಕಿನ ಅಂಗಳಕ್ಕೆ ಹೋದೆ. ಬಾಗಿಲು ತೆರೆದದ್ದೇ ಗ್ರೇವಿ ಹಾರಿ ಓಪಲ್‌ಳ ಮೇಲೆ ಬಿತ್ತು. ಅವಳ ಟೋಪಿ ಕೆಡವಿತು, ಮುಖ ನೆಕ್ಕಿತು, ಸುತ್ತ ಸುತ್ತ ಓಡಿತು, ಕುಂಯ್‌ಗುಟ್ಟಿತು. ನನಗೆ ಸಮಾಧಾನವಾಯಿತು. ನೋಡಿದಿರಾ, ಇದು ಯಾರನ್ನೂ ಒಪ್ಪುವುದಿಲ್ಲ, ಇನ್ನು ಬೇರೆ ದಾರಿ ಹುಡುಕೋಣ ಎಂದುಕೊಂಡೆ. ಓಪಲ್ ನೆಲದ ಮೇಲೆ ಕೂತಳು. ಹೊಲಿಗೆಯ ಜಾಗ ತಡವಿ ನೋಡಿದಳು, ಗಾಯ ಒಣಗಿತ್ತು. ಮುರಿದ ಹಲ್ಲಿನ ಬುಡ ನೋಡಿದಳು, ವಸಡು ಕೆಂಪಗಾಗಿರಲಿಲ್ಲ. ನಾಯಿ ಸ್ವಲ್ಪ ದಪ್ಪವೇ ಆಗಿತ್ತು. ಹಾಲಿಸ್ ದೂರದಲ್ಲಿ ನಿಂತು, ನೋಡಬೇಕಾಗಿಲ್ಲದ ಟೈರುಗಳನ್ನೆಲ್ಲ ನೋಡುತ್ತಿದ್ದ.

ಆಮೇಲೆ ಓಪಲ್ ಎದ್ದು ಬಟ್ಟೆ ಕೊಡವಿಕೊಂಡಳು. ಲಾರಿಯ ಬಾಗಿಲ ಕಡೆ ಕೈ ತೋರಿಸಿ, "ಹತ್ತು" ಎಂದಳು.

ಗ್ರೇವಿ ಎರಡೇ ನೆಗೆತದಲ್ಲಿ ಹತ್ತಿತು. ಜೂನೆಟ್ ಬಾಗಿಲು ಹಾಕಿದಳು. ಇಂಜಿನ್ ಓಡುತ್ತಲೇ ಇತ್ತು. ಲಾರಿ ತಿರುಗಿ ಹೆದ್ದಾರಿಗೆ ಸೇರುವಾಗ ಕಿಟಕಿಯಲ್ಲಿ ನಾಯಿಯ ಕಿವಿ ಕಂಡಿತು, ಮುಂದಿನ ರಸ್ತೆಯ ಕಡೆಗೆ ನೆಟ್ಟಗೆ. ಒಂದು ಸಲವೂ ಹಿಂದೆ ತಿರುಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಕಂಪನಿಯನ್ನು ಬೈದೆ, ಕಿಂಬಲ್‌ನನ್ನು ಬೈದೆ, ಕಾಣದ ಊರಿನ ಯಜಮಾನರನ್ನು ಬೈದೆ. ಕೊನೆಗೆ ನಾಯಿಯನ್ನೂ ಬೈದೆ. "ಆರು ವರ್ಷ ಸಾಕಿದ್ಯಲ್ಲ. ಒಂದ್ಸಲ ತಿರುಗಿ ನೋಡೋಕೆ ಆಗ್ಲಿಲ್ವಾ ಅದಕ್ಕೆ? ಕೃತಘ್ನ ನಾಯಿ."

ಓಪಲ್ ಟೋಪಿ ಎತ್ತಿಕೊಂಡು ಧೂಳು ಹೊಡೆದು ಹಾಕಿಕೊಂಡಳು. ಕಣ್ಣು ಒದ್ದೆಯಿತ್ತು, ದನಿ ಗಟ್ಟಿಯಿತ್ತು.

"ಬಿಡೋ, ಡೆನ್ವರ್. ಅವನು ಅಳ್ದೆ ಹೋಗ್ಲಿ ಅಂತ ತಾನೇ ಇಷ್ಟು ದಿನ ನಾವು ಒದ್ದಾಡಿದ್ದು? ಅತ್ತಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ."

ಹಾಗೆಂದು ಅವಳು ಗಲ್ಲಾಕ್ಕೆ ಹೋದಳು. ಒಳಗೆ ನಾಲ್ಕು ಜನ ಲಾರಿಯವರು ಕಾಯುತ್ತಾ ನಿಂತಿದ್ದರು.